ಕದಿರೇಶನ ಹೊಟ್ಟೆ ಸರ್ಕಲ್ಲಿನಿಂದ ಇಳಿದದ್ದು

ಎಲ್ಲಕ್ಕೂ ಕಾರಣ ಒಂದು ಫೋಟೋ. ಅದನ್ನು ತೆಗೆಯುವಾಗ ಕದಿರೇಶ ಅಂಗಿ ಬಿಚ್ಚಿದ್ದೇ ತಪ್ಪು. ಬಿಚ್ಚಿದವನು ಉಸಿರನ್ನಾದರೂ ಒಳಗೆಳೆದುಕೊಂಡು ಹೊಟ್ಟೆಯನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳಬಹುದಿತ್ತು. ಅದನ್ನೂ ಮಾಡಲಿಲ್ಲ. "ರೆಕಾರ್ಡಿಗೆ ಅಷ್ಟೇ ಅಣ್ಣಾ, ಸುಮ್ನೆ ಫೈಲಲ್ಲಿ ಬಿದ್ದಿರುತ್ತೆ" ಎಂದು ಜಿಮ್ಮಿನ ಗೋಪಿ ಹೇಳಿದ್ದನ್ನು ನಂಬಿ, ಮದುವೆ ಮನೆಯ ಊಟ ಮುಗಿಸಿ ಎದ್ದವನ ಹಾಗೆ ಆರಾಮಾಗಿ ನಿಂತು ನಕ್ಕುಬಿಟ್ಟಿದ್ದ.

ಕದಿರೇಶ ಯಲ್ದೂರಿನಲ್ಲಿ ಹಾಲಿನ ಡೇರಿಯ ಸೆಕ್ರೆಟರಿ. ವಯಸ್ಸು ನಲವತ್ತೆರಡು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ಕೂತಿದೆ ಎಂದು ಡಾಕ್ಟರು ಹೆದರಿಸಿದ್ದರಿಂದ ಎಂಟು ತಿಂಗಳ ಹಿಂದೆ ಜಿಮ್ಮಿಗೆ ಸೇರಿದ್ದ. ಜಿಮ್ಮೆಂದರೆ ಗೋಪಿಯ ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಹುಳುಮನೆ. ಹುಳು ಹೋಗಿ ಹತ್ತು ವರ್ಷವಾಗಿದ್ದರೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇನ್ನೂ ಗೋಡೆ ಬಿಟ್ಟು ಹೋಗಿರಲಿಲ್ಲ. ತಟ್ಟೆಗಳನ್ನು ಜೋಡಿಸುತ್ತಿದ್ದ ಕಡೆ ಈಗ ಕನ್ನಡಿ, ಕಬ್ಬಿಣದ ಪ್ಲೇಟುಗಳು, ಮಧ್ಯದಲ್ಲಿ ಒಂದು ಬೆಂಚು.

ಸೇರಿದ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಡೇರಿಗೆ ಹೊರಟವನು ಸರ್ಕಲ್ಲಿನ ಬಸ್‌ಸ್ಟಾಪಿನ ಮೇಲೆ ತನ್ನನ್ನೇ ತಾನು ಕಂಡು ಗಾಡಿ ನಿಲ್ಲಿಸಿದ. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರದ ಫ್ಲೆಕ್ಸು. ಎಡಗಡೆ ಅಂಗಿಯಿಲ್ಲದ ಕದಿರೇಶ, ಅವನ ನಗು, ಅವನ ಹೊಟ್ಟೆ. ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ 'ಮೊದಲು'. ಬಲಗಡೆ ಎಲ್ಲಿಂದಲೋ ಇಳಿಸಿಕೊಂಡ ಯಾವನೋ ಗಟ್ಟಿಗನ ಎದೆ, ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿದ್ದು. ಅದರ ಮೇಲೆ 'ನಂತರ'. ಒಟ್ಟಿನಲ್ಲಿ ಮೈ ಇದ್ದವನಿಗೆ ತಲೆ ಇರಲಿಲ್ಲ, ತಲೆ ಇದ್ದವನು ಕದಿರೇಶ.

ಅವತ್ತಿನಿಂದ ಅವನ ನೆಮ್ಮದಿ ಹೋಯಿತು. ಡೇರಿಗೆ ಎರಡು ಹೊತ್ತೂ ಊರಿನ ಮುಕ್ಕಾಲು ಪಾಲು ಜನ ಬರುತ್ತಾರೆ. ಹಾಲು ಹುಯ್ಯುವುದು ಒಂದು ನಿಮಿಷ, ಹೊಟ್ಟೆಯ ಬಗ್ಗೆ ಮಾತಾಡುವುದು ಐದು ನಿಮಿಷ. "ನಿನ್ನ ಹೊಟ್ಟೆ ನೆರಳಲ್ಲೇ ಕಣಪ್ಪ ಬಸ್ಸಿಗೆ ಕಾದಿದ್ದು, ತಂಪಾಗಿತ್ತು" ಎಂದು ಪಕ್ಕದ ಮನೆಯ ದೊಡ್ಡಗಂಗಮ್ಮ ಕ್ಯಾನು ಕೆಳಗಿಡುತ್ತಲೇ ಶುರು ಮಾಡುತ್ತಿದ್ದಳು. ಶ್ರೀನಿವಾಸಪುರದ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರನಂತೂ ಸರ್ಕಲ್ ಎನ್ನುವುದನ್ನೇ ಬಿಟ್ಟು "ಹೊಟ್ಟೆ ಸ್ಟಾಪ್ ಯಾರ್ರೀ, ಇಳ್ಕೊಳ್ಳಿ" ಎಂದು ಕೂಗತೊಡಗಿದ್ದ.

ಇದನ್ನೆಲ್ಲ ಕದಿರೇಶ ಹಲ್ಲು ಕಚ್ಚಿಕೊಂಡು ಸಹಿಸಿದ್ದ. ಸಹಿಸಲಾಗದೆ ಹೋದದ್ದು ಮಗಳ ಮಾತು. ತ್ರಿವೇಣಿ ಎಸ್ಸೆಸ್ಸೆಲ್ಸಿ ಪಾಸಾಗಿ ಶ್ರೀನಿವಾಸಪುರದ ಕಾಲೇಜಿಗೆ ಸೇರಿದ್ದಳು. ಸೋಮವಾರದಿಂದ ಕ್ಲಾಸು. ಬಸ್ಸು ಹತ್ತಬೇಕಾದದ್ದು ಆ ಫ್ಲೆಕ್ಸಿನ ಬುಡದಲ್ಲೇ.

"ಅಪ್ಪಾ, ನಾನು ಹಿಂದಿನ ಸ್ಟಾಪ್‌ವರೆಗೂ ನಡ್ಕೊಂಡು ಹೋಗ್ತೀನಿ" ಎಂದಳು ಗುರುವಾರ ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡು. "ಹೊಸ ಫ್ರೆಂಡ್ಸು ಇದು ಯಾರೇ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?"

ಮಗಳು ಅವನನ್ನು ದೂರಲಿಲ್ಲ, ಅಳಲಿಲ್ಲ. ಹಿಂದಿನ ಸ್ಟಾಪಿಗೆ ಎರಡು ಕಿಲೋಮೀಟರು.

ಕದಿರೇಶ ಊಟ ಬಿಟ್ಟೆದ್ದು ನೇರ ಗೋಪಿಯ ಹತ್ತಿರ ಹೋದ. ಇದುವರೆಗೆ ಹತ್ತು ಸಲ ಬೇಡಿಕೊಂಡಿದ್ದ. ಹತ್ತು ಸಲವೂ ಗೋಪಿ "ಆ ಫ್ಲೆಕ್ಸಿಂದ ಹದಿನೆಂಟು ಅಡ್ಮಿಷನ್ ಆಗಿದೆ ಅಣ್ಣಾ, ನೀನು ನಮ್ಮ ಲಕ್ಷ್ಮಿ" ಎಂದು ಕೈ ಮುಗಿದಿದ್ದ. ಈ ಸಲ ಕದಿರೇಶ ಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ. ಗೋಪಿಗೂ ಕೊನೆಗೆ ಬೇಸರವಾಯಿತು.

"ಆಯ್ತಣ್ಣಾ, ಒಂದು ಕೆಲ್ಸ ಮಾಡು. ಮೂವತ್ತು ಕೆಜಿ ಬೆಂಚ್ ಪ್ರೆಸ್, ಒಂದೇ ಸೆಟ್ಟಲ್ಲಿ ಐವತ್ತು ರೆಪ್ಸ್. ಅದನ್ನ ಮಾಡಿದೋನು 'ಮೊದಲು' ಅಂತ ಹಾಕಿಸ್ಕೊಳ್ಳೋ ಗಿರಾಕಿ ಅಲ್ಲ ಅಂತ ನಾನೇ ಒಪ್ಕೊತೀನಿ. ಅವತ್ತೇ ಇಳಿಸ್ತೀನಿ, ನನ್ನ ಕೈಯಾರೆ."

"ಮಾತು ತಪ್ಪಲ್ವಲ್ಲ?"

"ಆಂಜನೇಯನ ಆಣೆ. ಭಾನುವಾರ ಬಾ. ಮೂರು ಸಲ ಚಾನ್ಸ್ ಕೊಡ್ತೀನಿ."

ಭಾರ ಹೆಚ್ಚೇನಲ್ಲ. ಇಪ್ಪತ್ತು ಕೆಜಿಯ ರಾಡು, ಆ ಕಡೆ ಐದು, ಈ ಕಡೆ ಐದು. ಹತ್ತು ಸಲ ಎತ್ತುವುದಕ್ಕೆ ಯಾರಾದರೂ ಸಾಕು. ಇಪ್ಪತ್ತಕ್ಕೆ ಎದೆ ಬಿಸಿಯಾಗುತ್ತದೆ, ಮೂವತ್ತಕ್ಕೆ ತೋಳಿನಲ್ಲಿ ಬೆಂಕಿ ಬೀಳುತ್ತದೆ, ನಲವತ್ತಕ್ಕೆ ಮನುಷ್ಯನಿಗೆ ತಾನು ಯಾಕೆ ಹುಟ್ಟಿದೆ ಅನ್ನಿಸುತ್ತದೆ. ಕದಿರೇಶ ಈ ಮೂರನ್ನೂ ಬಲ್ಲವನು. ಶುಕ್ರವಾರ, ಶನಿವಾರ ಎರಡು ದಿನ ಪೂರ್ತಿ ಮೈಗೆ ವಿಶ್ರಾಂತಿ ಕೊಟ್ಟ. ಹಾಲಿನ ಕ್ಯಾನುಗಳನ್ನು ಸಹ ಬೇರೆಯವರಿಂದ ಎತ್ತಿಸಿದ. ವಿಷಯವನ್ನು ಹೆಂಡತಿ ಶ್ರೀವಾಣಿಗೆ ಮಾತ್ರ ಹೇಳಿ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಎರಡೆರಡು ಸಲ ಎಚ್ಚರಿಸಿದ.

ಶ್ರೀವಾಣಿ ಪಾಪ, ಬಾಯಿ ಬಿಡಲಿಲ್ಲ. ಗೋಪಿ ವಾಟ್ಸಾಪ್ ಸ್ಟೇಟಸ್ ಹಾಕಿದ್ದ.

ಭಾನುವಾರ ಎಂಟು ಗಂಟೆಗೆ ಬೆಳಗಿನ ಹಾಲು ಮುಗಿಸಿ ಕದಿರೇಶ ಹುಳುಮನೆಯ ಬಾಗಿಲಿಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಡೇರಿಗೆ ಹಾಲು ಹುಯ್ದ ಜನವೆಲ್ಲ ಖಾಲಿ ಕ್ಯಾನು ಹಿಡಿದು ನೇರ ಇಲ್ಲಿಗೇ ಬಂದಿದ್ದರು. ಬೆಂಚಿನ ತಲೆಯ ಕಡೆ, ಒಳ್ಳೆಯ ಜಾಗ ನೋಡಿ, ದೊಡ್ಡಗಂಗಮ್ಮ ಒಂದು ಪ್ಲೇಟಿನ ಮೇಲೆ ಕೂತಿದ್ದಳು.

"ಏನ್ಲಾ ಕದಿರೇಶ, ಲೇಟು? ನಮ್ಗೆ ಮಾತ್ರ ಏಳಕ್ಕೇ ಹಾಲು ತನ್ನಿ ಅಂತ ಬಡ್ಕೊತೀಯ."

"ಅತ್ತೆ, ನೀನ್ಯಾಕೆ ಬಂದೆ ಇಲ್ಲಿಗೆ?"

"ಊರೋರೆಲ್ಲ ನೋಡ್ಬೋದು, ಪಕ್ಕದ ಮನೆಯೋಳು ನೋಡ್ಬಾರ್ದಾ?"

ಜನರನ್ನು ಹೊರಗೆ ಕಳಿಸು ಎಂದು ಗೋಪಿಗೆ ಹೇಳಿ ನೋಡಿದ. ಬಂದವರಲ್ಲಿ ನಾಲ್ಕು ಜನ ಸೇರಿಕೊಂಡರೂ ಸಾಕು ಎಂಬ ಆಸೆಯಲ್ಲಿದ್ದ ಗೋಪಿಗೆ ಅದು ಕೇಳಿಸಲೇ ಇಲ್ಲ. ಅವನು ಎಲ್ಲರ ಕಡೆ ತಿರುಗಿ ನಿಯಮ ಹೇಳುತ್ತಿದ್ದ: ರಾಡು ಎದೆಗೆ ಮುಟ್ಟಬೇಕು, ಮೇಲೆ ಹೋದಾಗ ಮೊಣಕೈ ನೆಟ್ಟಗಾಗಬೇಕು, ಸ್ಟ್ಯಾಂಡಿಗೆ ಇಡಬಾರದು. ಬೇಕಿದ್ದರೆ ಮೇಲೆ ಹಿಡಿದುಕೊಂಡು ಉಸಿರು ತಗೋಬಹುದು.

ಕದಿರೇಶ ಮಲಗಿದ. ರಾಡು ಇಳಿಸಿಕೊಂಡ. ಗೋಪಿ ಎಣಿಸತೊಡಗಿದ.

ಮೊದಲ ಇಪ್ಪತ್ತು ಬೆಣ್ಣೆಯಂತೆ ಹೋಯಿತು. ಮೂವತ್ತರಲ್ಲಿ ಉಸಿರು ದೊಡ್ಡದಾಯಿತು. ಮೂವತ್ತೆರಡಕ್ಕೆ ಗೋಪಿಯ ಫೋನು ಬಡಿದುಕೊಂಡಿತು.

"ಮೂವತ್ತಮೂರು... ಹಲೋ, ಹೂಂ ಸರ್, ಜಿಮ್ಮೇ... ಮೂವತ್ನಾಲ್ಕು... ಟೈಮಿಂಗ್ಸಾ? ಬೆಳಿಗ್ಗೆ ಐದರಿಂದ ಹತ್ತು... ಹನ್ನೊಂದು, ಹನ್ನೆರಡು..."

"ಲೇ!" ಕದಿರೇಶ ಕೆಳಗಿನಿಂದ ಕಿರುಚಿದ. "ಮೂವತ್ತೆಂಟು ಕಣೋ! ಮೂವತ್ತೆಂಟು!"

"ಮಾತಾಡ್ಬೇಡಣ್ಣಾ, ಉಸ್ರು ಹೋಗುತ್ತೆ. ಹದಿಮೂರು..."

"ಹದಿಮೂರಲ್ವೋ, ನಿನ್ನ..."

ಬೈಗುಳಕ್ಕೆ ಬಹಳ ಉಸಿರು ಬೇಕು. ಬೈಗುಳ ಪೂರ್ತಿ ಹೊರಬಂತು, ರಾಡು ಮಾತ್ರ ಎದೆಯ ಮೇಲೇ ಉಳಿಯಿತು. ಗೋಪಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡು ಕೈಯಿಂದ ರಾಡು ಎತ್ತಿ ಸ್ಟ್ಯಾಂಡಿಗಿಟ್ಟ. ಒಂದು ಚಾನ್ಸು ಮುಗಿಯಿತು.

"ಇದು ನ್ಯಾಯ ಅಲ್ಲ" ಎಂದು ಕದಿರೇಶ ಎದ್ದು ಕೂತು ಹಾರಾಡಿದ. ಜನರೂ ಹೌದೆಂದರು. ಎಣಿಸುವುದಕ್ಕೆ ನಿಯತ್ತಿನವನು ಬೇಕು, ಎಣಿಕೆ ಗೊತ್ತಿದ್ದವನು ಬೇಕು ಎಂದು ಆ ಕಡೆ ಈ ಕಡೆ ಮಾತು ಹುಟ್ಟಿತು. ಆಗ ದೊಡ್ಡಗಂಗಮ್ಮ, "ಎಣಿಸೋಕೆ ಆಂಜಿನಪ್ಪನ್ನ ಬಿಟ್ರೆ ಯಾರಿದ್ದಾರೆ? ಕರ್ಕೊಂಡ್ ಬನ್ನಿ" ಎಂದಳು. ಕರೆದುಕೊಂಡು ಬರುವ ಅಗತ್ಯವಿರಲಿಲ್ಲ. ಆಂಜಿನಪ್ಪ ಕಿಟಕಿಯಲ್ಲೇ ನಿಂತಿದ್ದ.

ಆಂಜಿನಪ್ಪ ಮಾವಿನ ತೋಪುಗಳಲ್ಲಿ ನಲವತ್ತು ವರ್ಷ ಹಣ್ಣು ಎಣಿಸಿದ ಮನುಷ್ಯ. ಕೊಳ್ಳುವ ಸಾಹುಕಾರರ ಪರವಾಗಿ ಮರದ ಕೆಳಗೆ ಕೂತು, ಕಾಯಿಯನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, ಚೂರು ಪೆಟ್ಟಾಗಿದ್ದರೂ "ದಾಗಿ" ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ಈಗ ಎಲ್ಲ ಕ್ರೇಟು, ತಕ್ಕಡಿ, ಎಣಿಸುವವರನ್ನು ಕೇಳುವವರಿಲ್ಲ. ಮಗ ಶಿವಶಂಕರ ಮಾವು ಸಾಗಿಸುವ ಪಿಕಪ್ ಗಾಡಿ ಓಡಿಸುತ್ತಾನೆ, ಇವನು ಜೊತೆಗೆ ಕೂತು ಹೋಗುತ್ತಾನೆ. ಆದರೆ ಎಣಿಸುವ ಚಟ ಹೋಗಿರಲಿಲ್ಲ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಬಿದ್ದ ಎಲೆ ಎಣಿಸುತ್ತಿದ್ದ, ಸಾವಿಗೆ ಹೋದರೆ ಬಂದ ಜನರನ್ನು.

"ನಾನು ಎಣಿಸಿದ್ರೆ ನನ್ನ ಎಣಿಕೇನೇ" ಎಂದು ಒಳಗೆ ಬಂದ ಆಂಜಿನಪ್ಪ ಪಂಚೆ ಎತ್ತಿ ಕಟ್ಟಿ ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಮಧ್ಯ ಯಾರೂ ಬಾಯಿ ಹಾಕ್ಬಾರ್ದು. ಹಾಕಿದ್ರೆ ಮೊದಲಿಂದ."

ಕದಿರೇಶನಿಗೆ ಹೋದ ಜೀವ ಬಂದಂತಾಯಿತು. ಹತ್ತು ನಿಮಿಷ ಸುಧಾರಿಸಿಕೊಂಡು ಮತ್ತೆ ಮಲಗಿದ. ರಾಡು ಎದೆಗೆ ಮುಟ್ಟಿಸಿ ಎತ್ತಿದ.

"ಲಾಭಂ" ಎಂದ ಆಂಜಿನಪ್ಪ.

ಎರಡನೆಯದನ್ನು ಎತ್ತಿದ. "ರೆಂಡು."

ಇದು ತೋಪಿನ ಪದ್ಧತಿ. ಒಂದು ಎನ್ನುವುದಿಲ್ಲ, ಲಾಭ ಎಂದೇ ಎಣಿಕೆ ಶುರು. ಹತ್ತರವರೆಗೆ ತೆಲುಗು, ಆಮೇಲೆ ಕನ್ನಡ. ಏಳನ್ನು ಬಾಯಲ್ಲಿ ಹೇಳುವುದು ಅಪಶಕುನವಂತೆ, ಆದ್ದರಿಂದ ಆರಾದ ಮೇಲೆ 'ಆರು ಮೇಲೊಂದು' ಎಂದು ನಿಧಾನವಾಗಿ ಹೇಳಿದ. ಅವನು ಹೇಳಿ ಮುಗಿಸುವವರೆಗೆ ಕದಿರೇಶ ರಾಡು ಹಿಡಿದು ಕಾದ.

ಹದಿನೈದರವರೆಗೆ ತೊಂದರೆಯಿರಲಿಲ್ಲ. ಹದಿನಾರನೆಯದನ್ನು ಕದಿರೇಶ ಎತ್ತಿದಾಗ ಎಡಗೈ ಒಂದು ಕೂದಲೆಳೆ ಹಿಂದೆ ಬಿತ್ತು.

"ದಾಗಿ."

"ಏನು?"

"ಇದು ಸೇರಲ್ಲ. ಮುಂದೆ."

ಮುಂದಿನದನ್ನು ಜಾಗರೂಕತೆಯಿಂದ ಎತ್ತಿದ. ಹದಿನಾರು. ಅದರ ಮುಂದಿನದು ಎದೆಗೆ ಮುಟ್ಟಿತೋ ಬನಿಯನ್ನಿಗೆ ಮುಟ್ಟಿತೋ ಎಂದು ಆಂಜಿನಪ್ಪ ಬಗ್ಗಿ ನೋಡಿ, "ದಾಗಿ" ಎಂದ. ಹೀಗೆ ಮೂರಕ್ಕೊಂದು ಪಕ್ಕಕ್ಕೆ ಹೋಗತೊಡಗಿತು. ಕದಿರೇಶ ಮೂವತ್ತು ಎತ್ತಿದ್ದ, ಎಣಿಕೆ ಇಪ್ಪತ್ತೈದರಲ್ಲಿತ್ತು. ಹಣೆಯ ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಹೀಗಿರುವಾಗ ಗೋಪಿಗೆ ಒಂದು ಸಂಶಯ ಬಂತು.

"ಮಾವ, ಆ ಲಾಭ ಅಂದ್ರಲ್ಲ, ಅದು ಲೆಕ್ಕಕ್ಕೆ ಸೇರುತ್ತಾ? ಇಲ್ಲ ಎರಡರಿಂದ ಲೆಕ್ಕಾನಾ?"

ಆಂಜಿನಪ್ಪ ನಿಧಾನವಾಗಿ ತಲೆಯೆತ್ತಿದ. "ಏಮಪ್ಪಾ, ನಲವತ್ತು ವರ್ಷದ ಎಣಿಕೇನ ಕೇಳ್ತೀಯ ನೀನು? ಲಾಭ ಅಂದ್ರೆ ಒಂದು. ನಿಮ್ಮಪ್ಪನ ತೋಪಲ್ಲೂ ಹಂಗೇ ಎಣಿಸಿದ್ದು, ಕೇಳು ಹೋಗು."

"ಒಂದಾದ್ರೆ ಒಂದು ಅನ್ಬೇಕಪ್ಪ" ಎಂದ ಹಿಂದೆ ನಿಂತಿದ್ದ ಯಾರೋ.

"ಸುಮ್ನಿರ್ರೋ" ಎಂದು ದೊಡ್ಡಗಂಗಮ್ಮ ಎಲ್ಲರ ಬಾಯಿ ಮುಚ್ಚಿಸಿ, ತಾನೇ ತೆರೆದಳು. ಕದಿರೇಶನ ಮುಖ ಅವಳಿಗೆ ತಲೆಕೆಳಗಾಗಿ, ಬಹಳ ಹತ್ತಿರದಲ್ಲಿತ್ತು. ಇಂಥ ಅವಕಾಶ ಮತ್ತೆ ಸಿಗುವಂತಿರಲಿಲ್ಲ. "ಕದಿರೇಶ, ಈಗ ನಿಜ ಹೇಳು. ಮೊನ್ನೆ ನನ್ನ ಹಾಲಿಗೆ ನೀರು ಬೆರಸಿದ್ದೀಯ ಅಂತ ವಾಪಸ್ ಕಳಿಸ್ದೆಲ್ಲ, ಅದು ನೀರಾ? ಹಸು ಹೊಸದಾಗಿ ಕರೆಯೋಕೆ ಶುರು ಮಾಡಿತ್ತು, ಅದಕ್ಕೆ ತೆಳ್ಳಗಿತ್ತು ಅಂತ ಎಷ್ಟು ಹೇಳ್ದೆ!"

ಕದಿರೇಶ ನೆಟ್ಟಗೆ ಮಾಡಿದ ತೋಳಿನ ಮೇಲೆ ಮೂವತ್ತು ಕೆಜಿ ಹೊತ್ತುಕೊಂಡು, ನಡುಗುತ್ತ, "ಅತ್ತೇ... ಆಮೇಲೆ... ಅತ್ತೇ..." ಎಂದ.

"ಆಮೇಲೆ ನೀನು ಮಾತಿಗೆ ಸಿಗಲ್ಲ."

"ನೀರಲ್ಲ! ನೀರಲ್ಲ! ನಿನ್ನ ಹಾಲು ಚೆನ್ನಾಗಿದೆ!"

"ಎಲ್ಲರೂ ಕೇಳಿಸ್ಕೊಂಡ್ರಲ್ಲ" ಎಂದು ದೊಡ್ಡಗಂಗಮ್ಮ ಸುತ್ತ ನೋಡಿದಳು.

ಇಷ್ಟರಲ್ಲಿ ಆಂಜಿನಪ್ಪ ತಲೆ ಕೆರೆದುಕೊಂಡ. "ಮಾತಲ್ಲಿ ಎಣಿಕೆ ಕೆಟ್ಟೋಯ್ತು. ತೋಪಲ್ಲಾದ್ರೆ ರಾಶಿ ಮಗುಚಿ ಮೊದಲಿಂದ ಎಣಿಸ್ತಿದ್ವಿ. ಆಗ್ಲಿ, ಎತ್ತು. ಲಾಭಂ!"

ಕದಿರೇಶ ಎತ್ತಲಿಲ್ಲ. ರಾಡನ್ನು ತಾನೇ ಹಿಂದಕ್ಕೆ ತಳ್ಳಿ ಸ್ಟ್ಯಾಂಡಿಗೆ ಹಾಕಿ, ಎದ್ದು, ಗೋಡೆ ಕಡೆ ಮುಖ ಮಾಡಿ ನಿಂತುಕೊಂಡ. ಎರಡನೇ ಚಾನ್ಸೂ ಹೋಯಿತು. ಗೋಡೆಯಲ್ಲಿ ಕನ್ನಡಿ ಇತ್ತು. ಅದರಲ್ಲಿ ಇಡೀ ಊರು ಅವನ ಬೆನ್ನು ನೋಡುತ್ತಿತ್ತು. ಈ ಊರಿನಲ್ಲಿ ಯಾಕಾದರೂ ಇದ್ದೇನೆ, ಡೇರಿಗೆ ಬೀಗ ಹಾಕಿ ಎಲ್ಲಿಗಾದರೂ ಹೋಗಿಬಿಡಬಾರದೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಆ ಹೊತ್ತಿಗೆ ಶ್ರೀವಾಣಿ ಒಂದು ಚೊಂಬಿನಲ್ಲಿ ರಾಗಿ ಗಂಜಿ ತಂದಳು. ಜನರನ್ನು ಸರಿಸಿಕೊಂಡು ಬಂದು, ಗಂಡನ ಮುಖ ನೋಡಿ, ಧ್ವನಿ ತಗ್ಗಿಸಿದಳು.

"ರೀ, ಸಾಕು ಬಿಡಿ. ಮಗು ಹಿಂದಿನ ಸ್ಟಾಪಿಗೆ ನಡ್ಕೊಂಡು ಹೋಗ್ತಾಳಂತೆ. ಬೆಳಿಗ್ಗೆ ಅಲ್ಲಿತನಕ ಹೋಗಿ ಎಷ್ಟು ನಿಮಿಷ ಆಗುತ್ತೆ ಅಂತ ನೋಡ್ಕೊಂಡು ಬಂದ್ಲು. ಬೂಟು ಕಚ್ಚಿ ಹಿಮ್ಮಡಿ ಬೊಬ್ಬೆ ಬಂದಿದೆ, ಅಷ್ಟೇ."

ಕದಿರೇಶ ಗಂಜಿ ಕುಡಿಯುತ್ತಿದ್ದವನು ಚೊಂಬು ಕೆಳಗಿಟ್ಟ.

"ಏನಮ್ಮಾ ಅದು, ಸ್ಟಾಪಿನ ವಿಷ್ಯ?" ಎಂದು ಆಂಜಿನಪ್ಪ ಕೇಳಿದ. ಅವನಿಗೆ ಇಷ್ಟು ಹೊತ್ತೂ ಎಣಿಸುವುದು ಗೊತ್ತಿತ್ತೇ ಹೊರತು ಯಾಕೆ ಎಣಿಸುವುದು ಎಂದು ಗೊತ್ತಿರಲಿಲ್ಲ. ಐವತ್ತಾದರೆ ಸರ್ಕಲ್ಲಿನ ಫ್ಲೆಕ್ಸು ಇಳಿಸುತ್ತಾರೆ ಎಂದು ಶ್ರೀವಾಣಿ ಹೇಳಿದಳು. ಆಂಜಿನಪ್ಪ "ಹೌದಾ" ಎಂದ. ಎಲೆ ಅಡಿಕೆ ಉಗಿದು ಬರುತ್ತೇನೆಂದು ಹೊರಗೆ ಹೋದ. ಉಗಿಯುವುದಕ್ಕೆ ಸರ್ಕಲ್ಲಿನವರೆಗೂ ಹೋಗಿ, ಹತ್ತು ನಿಮಿಷ ಬಿಟ್ಟು ಬಂದ. ಬಂದವನ ಮುಖ ಮೆತ್ತಗಾಗಿತ್ತು.

"ಎತ್ತಪ್ಪಾ ನಾಯನಾ" ಎಂದ ಕದಿರೇಶನ ಬೆನ್ನು ಸವರಿ. "ಮಗೂಗೋಸ್ಕರ ಎತ್ತು. ನಾನಿದ್ದೀನಿ."

ಆ ಮಾತಿಗೆ ಕದಿರೇಶನ ಕಣ್ಣಲ್ಲಿ ನೀರು ಬಂತು. ಮೂರನೇ ಸಲ ಮಲಗಿದ.

ತೋಳುಗಳು ಆಗಲೇ ಸತ್ತುಹೋಗಿದ್ದವು. ಹತ್ತಕ್ಕೇ ಬೆಂಕಿ ಬಿತ್ತು. ಹದಿನೆಂಟನೆಯದು ಎದೆಗೆ ನಾಲ್ಕು ಬೆರಳು ಮೇಲೆಯೇ ನಿಂತು ವಾಪಸಾಯಿತು. 'ದಾಗಿ' ಬರುತ್ತದೆ ಎಂದು ಕದಿರೇಶ ಕಣ್ಣು ಮುಚ್ಚಿಕೊಂಡ.

"ಹದಿನೆಂಟು" ಎಂದ ಆಂಜಿನಪ್ಪ, ದೇವರ ಮುಂದೆ ಮಂತ್ರ ಹೇಳುವವನ ಹಾಗೆ.

"ಮುಟ್ಟಲಿಲ್ಲ ಮಾವ!" ಎಂದ ಗೋಪಿ.

"ಮಧ್ಯ ಬಾಯಿ ಹಾಕ್ಬೇಡ ಅಂದ್ನಲ್ಲ? ಹತ್ತೊಂಬತ್ತು."

ಮೂವತ್ತು ದಾಟಿದ ಮೇಲೆ ಕದಿರೇಶನ ಮೊಣಕೈ ನೆಟ್ಟಗಾದದ್ದನ್ನು ಯಾರೂ ನೋಡಲಿಲ್ಲ. ರಾಡು ಒಂದು ಸಲ ಎಡಕ್ಕೆ ವಾಲುತ್ತಿತ್ತು, ಒಂದು ಸಲ ಬಲಕ್ಕೆ. ನಲವತ್ತರಿಂದ ಮುಂದೆ ಎತ್ತುತ್ತಿದ್ದಾನೋ ರಾಡಿನ ಕೆಳಗೆ ಒದ್ದಾಡುತ್ತಿದ್ದಾನೋ ಹೇಳುವುದು ಕಷ್ಟವಿತ್ತು. ಆಂಜಿನಪ್ಪ ಮಾತ್ರ ಒಂದನ್ನೂ ಪಕ್ಕಕ್ಕೆ ಎಸೆಯಲಿಲ್ಲ. "ಕಾಯಿ ಒಂಚೂರು ಸೊಟ್ಟ ಇದ್ರೆ ಅದು ಮಾವಿನಕಾಯಲ್ವೇನ್ರೋ?" ಎಂದು ಎದುರಾಡಿದವರ ಬಾಯಿ ಬಡಿದ. ನಲವತ್ತೇಳು ಬಂತು, ಆ ಸಲ ಕಾಯಿಸದೆ ಅದನ್ನು ಏಳೆಂದೇ ಹೇಳಿದ. ನಲವತ್ತೊಂಬತ್ತು. ದೊಡ್ಡಗಂಗಮ್ಮ ಸಹ ಎದ್ದು ನಿಂತು "ಎತ್ಲಾ, ಎತ್ಲಾ" ಎಂದು ಕೂಗಿದಳು.

"ಐವತ್ತು!"

ಹುಳುಮನೆ ಹಾರಿಹೋಗುವ ಹಾಗೆ ಶಿಳ್ಳೆ ಬಿತ್ತು. ಕದಿರೇಶ ಬೆಂಚಿನಿಂದ ಉರುಳಿ ನೆಲಕ್ಕೆ ಬಂದು, ಅಲ್ಲಿಂದಲೇ ಆಂಜಿನಪ್ಪನ ಕಾಲು ಮುಟ್ಟಿದ. ಕಾಲು ಮುಟ್ಟುವುದಕ್ಕೆ ಬೇಕಾದಷ್ಟು ಮಾತ್ರ ಕೈ ಚಾಚಲು ಆಗುತ್ತಿತ್ತು.

ಗೋಪಿ ಮುಖ ಸಣ್ಣ ಮಾಡಿಕೊಂಡರೂ ಆಣೆ ಉಳಿಸಿಕೊಂಡ. ಏಣಿ ಹಾಕಿ, ಸರ್ಕಲ್ಲಿನ ಕಬ್ಬಿಣದ ಚೌಕಟ್ಟಿನಿಂದ ಫ್ಲೆಕ್ಸು ಬಿಚ್ಚಿದ. ಕದಿರೇಶನ ಹೊಟ್ಟೆ ಆರು ತಿಂಗಳ ಮೇಲೆ ನೆಲಕ್ಕೆ ಇಳಿಯಿತು. ಮನೆಯ ಜಗಲಿಯಿಂದ ತ್ರಿವೇಣಿ ನೋಡಿ ಅಪ್ಪನ ಕಡೆ ನಕ್ಕಳು. ಆ ನಗು ನೋಡಿ ಕದಿರೇಶನಿಗೆ ಇನ್ನೂ ಐವತ್ತು ಎತ್ತಬಲ್ಲೆ ಅನ್ನಿಸಿತು. ಸುಳ್ಳು, ಆದರೂ ಅನ್ನಿಸಿತು.

"ಇದನ್ನ ಈಗ್ಲೇ ಸುಟ್ಟಾಕ್ತೀನಿ" ಎಂದ.

"ಸುಡ್ಬೇಡಪ್ಪ, ಪ್ಲಾಸ್ಟಿಕ್ ಹೊಗೆ, ಕೆಟ್ಟದು" ಎಂದು ಆಂಜಿನಪ್ಪ ಫ್ಲೆಕ್ಸಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. "ನಂಗೆ ಕೊಡು. ಊರಲ್ಲಿ ಕಾಣಿಸ್ದಂಗೆ ನಾನು ಸಾಗಿಸ್ತೀನಿ."

"ಊರಲ್ಲಿ ಕಾಣಿಸ್ಬಾರ್ದು ಮಾವ. ಅಷ್ಟು ಮಾಡಿದ್ರೆ ಸಾಕು."

"ಊರಲ್ಲಿ ಇದ್ರೆ ತಾನೇ ಕಾಣಿಸೋದು?"

ಕದಿರೇಶ ಸಂತೋಷವಾಗಿ, ಸುಸ್ತಾದ ಕೈಯಲ್ಲೇ, ಫ್ಲೆಕ್ಸನ್ನು ಮಡಿಸಿಕೊಟ್ಟ.

ಮನೆಗೆ ಬಂದು ಸ್ನಾನ ಮಾಡಿದ. ತಲೆಗೆ ನೀರು ಹುಯ್ದುಕೊಳ್ಳಲು ಕೈ ಬರಲಿಲ್ಲ, ಶ್ರೀವಾಣಿ ಹುಯ್ದಳು. ಊಟವನ್ನೂ ಅವಳೇ ಮಾಡಿಸಿದಳು. ಹೊಟ್ಟೆ ತುಂಬಿ ಕಣ್ಣೆಳೆಯುತ್ತಿರುವಾಗ ಫೋನು ಬಂತು. ಮುಳಬಾಗಿಲಲ್ಲಿರುವ ಷಡ್ಡಕ ಶಿವಕುಮಾ‌ರ್. ಶ್ರೀವಾಣಿ ಫೋನನ್ನು ಅವನ ಕಿವಿಗೆ ಹಿಡಿದಳು.

"ಏನ್ ಷಡ್ಡಕ್ರೇ, ದೇವರಾಯಸಮುದ್ರದ ಹತ್ರ ನಿಮ್ಮನ್ನ ನೋಡ್ದೆ! ಅಂಗಿ ಹಾಕ್ಕೊಂಡಿರ್ಲಿಲ್ಲ."

"ನಾನು ಮನೇಲಿದ್ದೀನಿ ಮಾರಾಯ್ರೆ."

"ಅಲ್ಲಲ್ಲ, ನಿಮ್ಮ ಫೋಟೋ. ಒಂದು ಪಿಕಪ್ ಗಾಡಿ ಮೇಲೆ. ಏನು, ಎಲೆಕ್ಷನ್‌ಗೆ ನಿಂತಿದ್ದೀರಾ?"

ಕದಿರೇಶನ ನಿದ್ದೆ ಹಾರಿತು. ಏನೋ ಹೇಳುವಷ್ಟರಲ್ಲಿ ಮತ್ತೊಂದು ಕರೆ. ವಕ್ಕಲೇರಿಗೆ ಮದುವೆಯಾಗಿ ಹೋದ ತಂಗಿ ಮುನಿಲಕ್ಷ್ಮಿ. "ಅಣ್ಣಾ, ಈಗ ತಾನೆ ನಿನ್ನ ಹೊಟ್ಟೆ ನಮ್ಮ ಮನೆ ಮುಂದೆ ಹೋಯ್ತು. ನಮ್ಮತ್ತೆ ನೋಡಿ, ನಿಮ್ಮಣ್ಣ ಚೆನ್ನಾಗಿ ತಿಂತಾನೆ ಅಂದ್ರು." ಮೂರು ಗಂಟೆಗೆ ಮಾಲೂರಿನಿಂದ ಇನ್ನೊಂದು ಡೇರಿಯ ಸೆಕ್ರೆಟರಿ ಫೋಟೋ ಕಳಿಸಿದ. ಮಾವಿನ ಕ್ರೇಟು ತುಂಬಿದ ಗಾಡಿ. ಮೇಲೆ ಬಿಗಿಯಾಗಿ ಹೊದಿಸಿದ ಫ್ಲೆಕ್ಸು. ಗಟ್ಟಿಗನ ಎದೆಯಿದ್ದ ಭಾಗ ಮಡಿಸಿ ಮುಂದುಗಡೆ ಅಡಿಗೆ ಸೇರಿಸಿದ್ದರು. ಹಿಂದೆ ಬರುವ ಗಾಡಿಗಳಿಗೆಲ್ಲ ನೇರವಾಗಿ ಕಾಣುವಂತೆ, ಕದಿರೇಶ ನಗುತ್ತಿದ್ದ. ಒಳಗೆ ಕ್ರೇಟುಗಳು ಉಬ್ಬಿದ್ದರಿಂದ ಹೊಟ್ಟೆ ಇದ್ದದ್ದಕ್ಕಿಂತ ದೊಡ್ಡದಾಗಿತ್ತು.

ಆರು ತಿಂಗಳು ಒಂದು ಊರು ನೋಡಿದ್ದನ್ನು ಒಂದು ಮಧ್ಯಾಹ್ನದಲ್ಲಿ ನಾಲ್ಕು ತಾಲ್ಲೂಕು ನೋಡಿತ್ತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ವಾಪಸು ಬಂದು ಸರ್ಕಲ್ಲಿನಲ್ಲಿ ನಿಂತಿತು. ನಾಳೆಯ ಕ್ರೇಟುಗಳನ್ನು ಆಗಲೇ ದಾರಿಯಲ್ಲಿ ತುಂಬಿಕೊಂಡಿದ್ದರು. ಕದಿರೇಶ ಓಡಿಬಂದ.

"ಏನ್ ಮಾವ ಇದು? ಕಾಣಿಸ್ದಂಗೆ ಮಾಡ್ತೀನಿ ಅಂದ್ರಲ್ಲ!"

"ಊರಲ್ಲಿ ಕಾಣಿಸ್ತಾ? ಇಡೀ ದಿನ ಊರಲ್ಲಿರ್ಲಿಲ್ವಲ್ಲ" ಎಂದ ಆಂಜಿನಪ್ಪ ಸಮಾಧಾನವಾಗಿ. "ನಮ್ಮ ಟಾರ್ಪಾಲು ನೆನ್ನೆ ಗಾಳಿಗೆ ಹರಿದೋಯ್ತಪ್ಪ. ಒಳ್ಳೆ ದಪ್ಪ ಫ್ಲೆಕ್ಸು, ಅಳತೆ ಮಾಡಿ ಹೊಲಿಸ್ದಂಗೆ ಕೂತ್ಕೊಂಡಿದೆ. ಮೂರು ಸೀಸನ್ ಬರುತ್ತೆ."

"ಮಗುಚಿನಾದ್ರೂ ಹಾಕಿ! ಬಿಳೀ ಕಡೆ ಮೇಲಕ್ಕೆ!"

"ಬಣ್ಣ ಹಣ್ಣಿಗೆ ಅಂಟುತ್ತೆ. ಮಂಡಿಯಲ್ಲಿ ಯಾರೂ ಮುಟ್ಟಲ್ಲ."

"ಹಂಗಾದ್ರೆ ವಾಪಸ್ ಕೊಡಿ ನನ್ ಫ್ಲೆಕ್ಸು."

ಆಂಜಿನಪ್ಪ ಬೇಡ ಎನ್ನಲಿಲ್ಲ. ಸುತ್ತ ನೋಡಿ, ಕದಿರೇಶನ ಭುಜದ ಮೇಲೆ ಕೈಯಿಟ್ಟು, ಮಗನಿಗೆ ಬುದ್ಧಿ ಹೇಳುವ ಧ್ವನಿಯಲ್ಲಿ ಹೇಳಿದ: "ಕೊಡ್ತೀನಪ್ಪ, ಅದಕ್ಕೇನಂತೆ. ಆದ್ರೆ ಕೊಟ್ಟ ಮೇಲೆ ನನ್ನ ಎಣಿಕೇನೂ ಸರಿಯಾಗಿ ಹೇಳ್ಬೇಕಾಗುತ್ತೆ. ಬೆಳಿಗ್ಗೆ ನೀನು ಎತ್ತಿದ್ರಲ್ಲಿ ಒಳ್ಳೇದು ಹತ್ತೊಂಬತ್ತು. ಮಿಕ್ಕ ಮೂವತ್ತೊಂದೂ ದಾಗಿ. ಈ ಫ್ಲೆಕ್ಸು ಬೇಕಿತ್ತು, ಅದಕ್ಕೆ ಸೇರಿಸ್ದೆ. ನಲವತ್ತು ವರ್ಷದಲ್ಲಿ ಇಂಥ ಎಣಿಕೆ ನಾನು ಮಾಡಿಲ್ಲ, ನಿನ್ನಾಣೆ. ಗೋಪೀನ ಕರೀಲಾ?"

ಕರೆಯುವ ಅಗತ್ಯವಿರಲಿಲ್ಲ. ಗೋಪಿ ಸರ್ಕಲ್ಲಿನ ಖಾಲಿ ಚೌಕಟ್ಟಿನ ಕೆಳಗೆ ನಿಂತು, ಅದನ್ನೇ ದಿಟ್ಟಿಸಿ ನೋಡುತ್ತಿದ್ದ. ಕದಿರೇಶ ಚೌಕಟ್ಟನ್ನು ನೋಡಿದ, ಗಾಡಿಯನ್ನು ನೋಡಿದ. ಒಂದು ಕಡೆ ಮಗಳ ಬಸ್‌ಸ್ಟಾಪು, ಇನ್ನೊಂದು ಕಡೆ ಇಡೀ ಜಿಲ್ಲೆ.

"ನಾಳೆ ಯಾವ ಕಡೆ ಹೋಗ್ತೀರಾ?" ಎಂದು ಕೇಳಿದ.

"ನಾಳೆ ದೂರ ಇಲ್ಲ, ಶ್ರೀನಿವಾಸಪುರ ಮಂಡಿ. ಕಾಲೇಜು ಗೇಟಿನ ಎದುರಿಗೆ ಗಾಡಿ ನಿಲ್ಸೋದು, ಅಲ್ಲೇ ನೆರಳಿರೋದು. ಮಗೂನೂ ಕಳಿಸು, ಮುಂದೆ ಸೀಟು ಖಾಲಿ ಇರುತ್ತೆ. ಪಾಪ, ಹಿಮ್ಮಡಿ ಬೊಬ್ಬೆ ಬಂದಿದೆ ಅಂತಿದ್ರಲ್ಲ."

ಗೋಪಿ ಇವರ ಮಾತು ಕಿವಿಗೆ ಬಿದ್ದವನಂತೆ ತಿರುಗಿ, ಗಾಡಿಯ ಕಡೆ ಬರತೊಡಗಿದ. "ಏನಣ್ಣಾ, ಏನ್ ಮಾತುಕತೆ?"

"ಏನಿಲ್ಲಪ್ಪ, ಹಗ್ಗ ಸಡಿಲ ಆಗಿದೆ, ಕಟ್ತಾ ಇದ್ದೀವಿ" ಎಂದ ಆಂಜಿನಪ್ಪ. ಆಮೇಲೆ ಕದಿರೇಶನಿಗೆ, "ಆ ಕಡೆ ಮೂಲೆ ಹಿಡ್ಕೋ, ಗಾಳಿಗೆ ಏಳ್ತಾ ಇದೆ" ಎಂದ.

ಕದಿರೇಶನಿಗೆ ಕೈ ಎದೆಗಿಂತ ಮೇಲೆ ಬರುತ್ತಿರಲಿಲ್ಲ. ಆದರೆ ಗೋಪಿ ಹತ್ತಿರವಾಗುತ್ತಿದ್ದ. ಹಲ್ಲು ಕಚ್ಚಿ, ಎರಡೂ ಕೈಯಿಂದ ಫ್ಲೆಕ್ಸಿನ ಮೂಲೆ ಹಿಡಿದು, ತನ್ನ ಹೊಟ್ಟೆಯ ಮೇಲೆ ಒಂದು ಸುಕ್ಕೂ ಉಳಿಯದ ಹಾಗೆ ಎಳೆದು ನಿಂತ. ಆಂಜಿನಪ್ಪ ನಿಧಾನವಾಗಿ ಗಂಟು ಹಾಕಿದ.